ಬಹುಮಾನ ಬಂದ ಪುಸ್ತಕವೂ ಕೈಯಲ್ಲಿ ಸವೆದ ಪುಸ್ತಕವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳ ಲೇಖನ)

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ನಡೆದುದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ‘ಸಾಹಿತ್ಯ ಪ್ರಶಸ್ತಿಗಳು ಕೃತಿಯ ನಿಜವಾದ ಗುಣವನ್ನು ತೋರಿಸುತ್ತವೆ’ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ ‘ಪರ’ ಎಂದು ಬಂತು. ನಾನು ಪರವಾಗಿಯೇ ಮಾತನಾಡಿದೆ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ ಎಂದು ಹೆಸರುಗಳನ್ನು ಒಂದರ ಹಿಂದೊಂದು ಪೋಣಿಸಿದೆ. ಸಭೆ ಚಪ್ಪಾಳೆ ತಟ್ಟಿತು. ನನಗೆ ಪ್ರಥಮ ಬಹುಮಾನವಾಗಿ ಒಂದು ಹಿತ್ತಾಳೆಯ ಕಪ್ಪು ದೊರೆಯಿತು.

ವಿರುದ್ಧವಾಗಿ ಮಾತನಾಡಿದವಳು ಮೂಡಿಗೆರೆ ಕಡೆಯ ನನ್ನ ಗೆಳತಿ. ಆಕೆಯ ಧ್ವನಿ ಸಣ್ಣದು. ನಡುವೆ ಒಂದೆರಡು ಸಲ ತಡವರಿಸಿದಳು. ಆದರೆ ಆಕೆ ಕೇಳಿದ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆಕೆಗೆ ಮೂರನೆಯ ಸ್ಥಾನ ಬಂತು. ಪ್ರಶಸ್ತಿಗಳು ಗುಣವನ್ನು ತೋರಿಸುತ್ತವೆಂದು ವಾದಿಸಿ ನಾನು ಪ್ರಶಸ್ತಿ ಪಡೆದೆ. ಹಾಗೆ ಪಡೆದುದರಿಂದಲೇ ನನ್ನ ವಾದ ಬಿದ್ದುಹೋಯಿತೆಂದು ಅಂದು ರಾತ್ರಿ ಹಾಸ್ಟೆಲಿನಲ್ಲಿ ನನಗೆ ಅನಿಸಿತು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ಈ ವರ್ಷ ನಮ್ಮ ಪುಸ್ತಕಭಂಡಾರಕ್ಕೆ ಕೊಳ್ಳುವ ಕಾದಂಬರಿಗಳನ್ನೆಲ್ಲ ಪ್ರಶಸ್ತಿ ಪಡೆದ ಕೃತಿಗಳ ಪಟ್ಟಿಯಿಂದಲೇ ಆರಿಸಿದರೆ ಹೇಗೆಂಬ ಆಲೋಚನೆ ಹಿರಿಯರಲ್ಲಿ ನಡೆದಿದೆಯೆಂದು ಕೇಳಿದ್ದೇನೆ. ‘ನಮ್ಮ ವಿದ್ಯಾರ್ಥಿನಿಯೇ ಚರ್ಚೆಯಲ್ಲಿ ಎಷ್ಟು ಚೆನ್ನಾಗಿ ಹೇಳಿದಳು!’ ಎಂದು ಒಬ್ಬ ಅಧ್ಯಾಪಕರು ನನ್ನ ಭಾಷಣವನ್ನೇ ಆಧಾರವಾಗಿ ಎತ್ತಿದರಂತೆ. ಅವರ ಪ್ರೀತಿಗೆ ನಾನು ಋಣಿ. ಆದರೆ ನನ್ನ ಅರೆಬೆಂದ ವಾದದಿಂದ ಪುಸ್ತಕಭಂಡಾರದ ಬೀರುವಿಗೆ ಬೀಗ ಬೀಳುವುದಾದರೆ, ಆ ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನ ಕರ್ತವ್ಯ.

ಮೊದಲು ಒಂದು ಮಾತು. ಪ್ರಶಸ್ತಿಗಳೆಲ್ಲ ಪೊಳ್ಳು, ಎಲ್ಲವೂ ವಶೀಲಿಯಿಂದ ಬರುವಂಥವು ಎಂದು ಹೇಳಲು ನಾನು ಹೊರಟಿಲ್ಲ. ಹಾಗೆ ಹೇಳುವುದು ಸುಲಭ, ಓದದೆಯೂ ಹೇಳಬಹುದು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಆರಂಭವಾದ 1955ರಲ್ಲಿ ಕನ್ನಡಕ್ಕೆ ಬಂದ ಮೊದಲ ಬಹುಮಾನ ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ. ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಆ ಕಾವ್ಯಕ್ಕೆ 1967ರ ಜ್ಞಾನಪೀಠವೂ ಒಲಿಯಿತು. ಇದರಲ್ಲಿ ತಪ್ಪು ಹುಡುಕುವವರಾರು? ಪ್ರಶ್ನೆ ಅದಲ್ಲ. ಬಹುಮಾನ ಬಂದುದೆಲ್ಲ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಒಳ್ಳೆಯದಕ್ಕೆಲ್ಲ ಬಹುಮಾನ ಬಂದಿದೆಯೇ ಎಂಬುದು ಇನ್ನೊಂದು. ನಾನು ಚರ್ಚೆಯಲ್ಲಿ ಮೊದಲನೆಯದಕ್ಕೆ ಉತ್ತರ ಹೇಳಿ ಎರಡನೆಯದನ್ನೂ ಗೆದ್ದೆನೆಂದು ತಿಳಿದುಕೊಂಡೆ.

ನನ್ನ ಗೆಳತಿ ಹಿಡಿದುದು ಎರಡನೆಯ ಪ್ರಶ್ನೆಯನ್ನು. ‘ಶಿವರಾಮ ಕಾರಂತರಿಗೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಯಾವ ಕಾದಂಬರಿಗೆ?’ ಎಂದು ಆಕೆ ಕೇಳಿದಳು. ‘ಚೋಮನ ದುಡಿ’ಗೆ ಇರಬೇಕೆಂದು ನನ್ನ ಪಕ್ಕದಲ್ಲಿದ್ದವರು ಪಿಸುಗುಟ್ಟಿದರು, ‘ಮರಳಿ ಮಣ್ಣಿಗೆ’ ಎಂದರು ಇನ್ನೊಬ್ಬರು. ಯಾವ ಕಾದಂಬರಿಗೂ ಅಲ್ಲ. ಅದು ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನ ಗ್ರಂಥಕ್ಕೆ ಬಂದ ಬಹುಮಾನ. ಗ್ರಂಥ ಘನವಾದುದೇ. ಆದರೆ ಆ ಪಟ್ಟಿಯೊಂದನ್ನೇ ನೋಡಿ ಪುಸ್ತಕ ಕೊಳ್ಳುವವನಿಗೆ ಕಾರಂತರು ಕಾದಂಬರಿಕಾರರೆಂಬುದೇ ತಿಳಿಯುವುದಿಲ್ಲ. ಇದು ತೀರ್ಪುಗಾರರ ಅಪರಾಧವೂ ಅಲ್ಲ. ಈ ಪ್ರಶಸ್ತಿ ಹುಟ್ಟುವುದಕ್ಕೆ ಮುಂಚೆಯೇ ಆ ಕಾದಂಬರಿಗಳು ಹುಟ್ಟಿದ್ದವು. ಅಕಾಡೆಮಿಯಾದರೋ ಹಿಂದಿನ ಕೆಲವು ವರ್ಷಗಳಲ್ಲಿ ಪ್ರಕಟವಾದ ಕೃತಿಗಳನ್ನು ಮಾತ್ರ ಪರಿಗಣಿಸುತ್ತದೆ. ಒಂದು ಭಾಷೆಗೆ ವರ್ಷಕ್ಕೆ ಒಂದೇ ಬಹುಮಾನ, ಕೊನೆಯ ಸುತ್ತಿನಲ್ಲಿ ಮೂವರು ತೀರ್ಪುಗಾರರು. ನಿಯಮದ ಬೇಲಿಯೊಳಗೆ ಬಿದ್ದ ಹಣ್ಣನ್ನಷ್ಟೇ ಅವರು ಆರಿಸಬಲ್ಲರು.

ಈಗ ನಮ್ಮ ಊರಿನ ಕಡೆಗೆ ಬರೋಣ.

ನನ್ನ ತಂದೆ ಕಳಸದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರು. ನಮ್ಮ ಸೀಮೆಯಲ್ಲಿ ರೈಟರೆಂದರೆ ಕತೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ನಮ್ಮ ಮನೆಯಲ್ಲಿ ಚೆಕ್‌ರೋಲು ಪುಸ್ತಕದ ಪಕ್ಕದಲ್ಲಿ ಇದ್ದ ಕಾದಂಬರಿ ಒಂದೇ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಯಾರೋ ಕೊಟ್ಟಿದ್ದು, ಯಾರಿಗೂ ಹಿಂದಿರುಗಿಸದೆ ಉಳಿದಿದ್ದು. ತಂದೆ ಅದನ್ನು ಎಷ್ಟು ಸಲ ಓದಿದ್ದರೋ ಲೆಕ್ಕವಿಲ್ಲ. ಮಂದಣ್ಣನ ಪ್ರಸಂಗಗಳು ಬಂದಾಗ, ‘ಇಂಥವನೊಬ್ಬ ನಮ್ಮ ಲೈನಲ್ಲೂ ಇದ್ದ ಕಣೇ, ಜೇನು ಅಂದ್ರೆ ಕೆಲಸ ಬಿಟ್ಟು ಓಡೋನು. ಎಷ್ಟು ಸಲ ಅವನ ಹಾಜರಿ ಕತ್ತರಿಸಿದೀನೋ’ ಎಂದು ನಗುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕತ್ತರಿಸಬಾರದಿತ್ತು’ ಎನ್ನುತ್ತಿದ್ದರು. ಒಂದು ಪುಸ್ತಕ ಒಬ್ಬ ಮನುಷ್ಯನಿಂದ ಇಂಥ ಮಾತನ್ನು ಹೊರಡಿಸಿತೆಂದರೆ ಅದಕ್ಕಿಂತ ದೊಡ್ಡ ಸಾಹಿತ್ಯಗುಣ ಯಾವುದೆಂದು ನನಗೆ ತಿಳಿಯದು.

‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಒಬ್ಬ ವಿಜ್ಞಾನಿ, ಒಬ್ಬ ಬೇಸಾಯಗಾರ, ಜೇನು ಹಿಡಿಯುವ ಒಬ್ಬ ಹಳ್ಳಿಗ, ಒಬ್ಬ ಅಡುಗೆಯವ, ಒಂದು ನಾಯಿ, ಇಷ್ಟು ಜನ ಸೇರಿ ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುವ ಕತೆ ಅದು. ಇದನ್ನು ವಿಜ್ಞಾನ ಕಾದಂಬರಿ ಎನ್ನಬಹುದೇ ಎಂದು ಕೆಲವರು ಕೇಳಬಹುದು. ರಾಕೆಟ್ಟಿಲ್ಲ, ಅನ್ಯಗ್ರಹವಿಲ್ಲ. ಹಾರುವ ಓತಿಯಂತೂ ನಮ್ಮ ಕಡೆಯ ಅಡಿಕೆ ಮರಗಳಲ್ಲಿ ನಿಜವಾಗಿಯೂ ಇದೆ. ತಂದೆ ಕಂಡಿದ್ದಾರೆ, ನಾನೂ ಒಮ್ಮೆ ಕಂಡಿದ್ದೇನೆ. ಆದರೆ ಅಡಿಕೆ ಮರದ ಮೇಲಿನ ಒಂದು ಪ್ರಾಣಿಯಿಂದ ಹಿಡಿದು ಕೋಟ್ಯಂತರ ವರ್ಷಗಳ ಜೀವವಿಕಾಸದವರೆಗೆ ಓದುಗನ ಕಣ್ಣನ್ನು ಹಿಗ್ಗಿಸುವುದು ವಿಜ್ಞಾನದ ಕಲ್ಪನೆಯಲ್ಲದೆ ಮತ್ತೇನು? ರಾಕೆಟ್ಟು ಹತ್ತಿ ಹೋಗುವ ದೂರವನ್ನು ತೇಜಸ್ವಿಯವರು ಮೂಡಿಗೆರೆಯ ಕಾಡಿನಲ್ಲಿ ನಡೆದೇ ಹೋದರು.

ಈ ಪುಸ್ತಕಕ್ಕೆ ಕೇಂದ್ರ ಅಕಾಡೆಮಿಯ ಪ್ರಶಸ್ತಿ ಬರಲಿಲ್ಲ. ತೇಜಸ್ವಿಯವರಿಗೆ ಆ ಪ್ರಶಸ್ತಿ ಬಂದುದು 1987ರಲ್ಲಿ, ‘ಚಿದಂಬರ ರಹಸ್ಯ’ ಕಾದಂಬರಿಗೆ. ಅದೂ ಸಾಮಾನ್ಯ ಪುಸ್ತಕವಲ್ಲ. ಏಲಕ್ಕಿ ಬೆಳೆ ಏಕೆ ಕುಸಿಯಿತೆಂಬ ಹುಡುಕಾಟದಿಂದ ಹೊರಟು, ಕೆಸರೂರೆಂಬ ಊರಿನ ಜಾತಿ, ಮೂಢನಂಬಿಕೆ, ಕಳ್ಳತನ, ಪ್ರೇಮ ಎಲ್ಲವನ್ನೂ ಸುತ್ತಿ ಬರುವ ಆ ಕತೆಯನ್ನು ನಮ್ಮ ಮಲೆನಾಡಿನವರು ಓದಿದರೆ ಪಕ್ಕದ ಮನೆಯ ವರ್ತಮಾನವೆಂದೇ ತಿಳಿಯುತ್ತಾರೆ. ನನ್ನ ಮಟ್ಟಿಗೆ ‘ಕರ್ವಾಲೊ’ ಮೇಲು; ನನ್ನ ಗೆಳತಿಗೆ ‘ಚಿದಂಬರ ರಹಸ್ಯ’ವೇ ಮೇಲು. ಊಟ ತನ್ನಿಚ್ಛೆ ಎನ್ನುವ ಹಾಗೆ ಓದೂ ತನ್ನಿಚ್ಛೆಯೇ.

ಹಾಗಾದರೆ ‘ಕರ್ವಾಲೊ’ಗೆ ಅನ್ಯಾಯವಾಯಿತೇ? ಹಾಗೆಂದು ಕೂಗಾಡುವ ಮೊದಲು ಆ ವರ್ಷಗಳ ಪಟ್ಟಿ ನೋಡೋಣ. 1981ರಲ್ಲಿ ಚೆನ್ನವೀರ ಕಣವಿ, 1982ರಲ್ಲಿ ಚದುರಂಗ, 1983ರಲ್ಲಿ ಯಶವಂತ ಚಿತ್ತಾಲ, 1984ರಲ್ಲಿ ಜಿ. ಎಸ್. ಶಿವರುದ್ರಪ್ಪ, 1985ರಲ್ಲಿ ತ. ರಾ. ಸು. ಇವರಲ್ಲಿ ಯಾರನ್ನು ಎಬ್ಬಿಸಿ ಆ ಪೀಠದಲ್ಲಿ ಮಂದಣ್ಣನನ್ನು ಕೂರಿಸೋಣ? ಒಂದೇ ಕುರ್ಚಿಯಿರುವ ಮನೆಗೆ ಐದು ಜನ ದೊಡ್ಡವರು ಬಂದರೆ ನಾಲ್ವರು ನಿಲ್ಲಲೇಬೇಕು. ನಿಂತವರು ಸಣ್ಣವರೆಂದು ತಿಳಿಯುವವನು ಮಾತ್ರ ದಡ್ಡ. ನಮ್ಮ ಪುಸ್ತಕಭಂಡಾರ ಮಾಡಹೊರಟಿರುವುದು ಈ ದಡ್ಡತನವನ್ನೇ ಎಂದು ವಿನಯದಿಂದ ಹೇಳಬಯಸುತ್ತೇನೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಅದ್ಭುತ ಕಲ್ಪನೆಗೆ ಕನ್ನಡದ ಪ್ರಶಸ್ತಿಗಳಲ್ಲಿ ಜಾಗವೇ ಇಲ್ಲವೆಂದು ನನ್ನ ಗೆಳತಿ ಅಂದು ಹೇಳಿದಳು. ಅಷ್ಟು ಮಾತ್ರ ಆಕೆ ಸರಿಯಲ್ಲ. 1962ರಲ್ಲಿ ಪ್ರಶಸ್ತಿ ಪಡೆದ ದೇವುಡು ಅವರ ‘ಮಹಾಕ್ಷತ್ರಿಯ’ದಲ್ಲಿ ನಹುಷ ಇಂದ್ರಪದವಿಗೇರುತ್ತಾನೆ. ಕಾರಂತರಿಗೆ 1977ರಲ್ಲಿ ಜ್ಞಾನಪೀಠ ತಂದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿ ಒಂದು ವಸ್ತುವನ್ನು ಮುಟ್ಟಿ ಸಾವಿರಾರು ವರ್ಷಗಳ ಹಿಂದಿನದನ್ನು ಕಾಣುತ್ತಾಳೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ದೀಪದ ಜೋತಮ್ಮಂದಿರು ರಾತ್ರಿಯ ಹೊತ್ತು ಸೇರಿ ಮಾತನಾಡುತ್ತಾರೆ; ಅದಕ್ಕೆ 1990ರಲ್ಲಿ ಪ್ರಶಸ್ತಿ ಬಂತು. ಮರುವರ್ಷ ಚಂದ್ರಶೇಖರ ಕಂಬಾರರ ಜನಪದ ಕಲ್ಪನೆಯ ‘ಸಿರಿಸಂಪಿಗೆ’ ನಾಟಕಕ್ಕೆ ಬಂತು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಪ್ರಶಸ್ತಿ ಪಡೆಯಿತಾದ್ದರಿಂದ ವಿಜ್ಞಾನಕ್ಕೂ ಬಾಗಿಲು ಮುಚ್ಚಿಲ್ಲ.

ಹಾಗಿದ್ದರೆ ಒಳಗೆ ಬಾರದೆ ಉಳಿದುದು ಯಾವುದು? ನನಗೆ ತೋರುವುದು ಹೀಗೆ: ಅದ್ಭುತವು ಪುರಾಣದ ಉಡುಪಿನಲ್ಲಿ ಬಂದರೆ ನಾವು ಎದ್ದು ನಿಲ್ಲುತ್ತೇವೆ, ಜನಪದದ ಉಡುಪಿನಲ್ಲಿ ಬಂದರೆ ತಲೆದೂಗುತ್ತೇವೆ, ಯಂತ್ರದ ಉಡುಪಿನಲ್ಲಿ ಬಂದರೆ ಮಾತ್ರ, ‘ಇದು ಮಕ್ಕಳ ಪುಸ್ತಕ’ ಎಂದು ಪಕ್ಕಕ್ಕಿಡುತ್ತೇವೆ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆಯುತ್ತಲೇ ಬಾಳಿದರು. ನಮ್ಮ ತರಗತಿಯಲ್ಲಿ ಅವರ ಹೆಸರು ಕೇಳಿದವರು ಇಬ್ಬರು. ಕೀರ್ತಿವಂತರಾದ ಎಸ್. ಎಲ್. ಭೈರಪ್ಪನವರೇ 2014ರಲ್ಲಿ ‘ಯಾನ’ವೆಂಬ ಕಾದಂಬರಿಯಲ್ಲಿ ಒಬ್ಬ ಗಂಡು ಒಬ್ಬ ಹೆಣ್ಣನ್ನು ಸೌರಮಂಡಲದಾಚೆಗೆ ಕಳುಹಿಸಿದರು. ಭೈರಪ್ಪನವರಿಗೆ ಏನು ಪ್ರಶಸ್ತಿ ಬಂತೆಂದು ಕೇಳಿದರೆ ನಾವು ‘ದಾಟು’, ‘ಮಂದ್ರ’ ಎನ್ನುತ್ತೇವೆಯೇ ಹೊರತು ‘ಯಾನ’ವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪುಷ್ಪಕವಿಮಾನವನ್ನು ಪ್ರಶ್ನಿಸದೆ ಒಪ್ಪುವ ನಾವು ಆಕಾಶನೌಕೆಯನ್ನು ಕಂಡರೆ ನಗುತ್ತೇವೆ. ಇದು ಗುಣದ ಅಳತೆಯಲ್ಲ, ಅಭ್ಯಾಸದ ಅಳತೆ. ತೀರ್ಪುಗಾರರೂ ನಮ್ಮ ನಡುವಿನಿಂದಲೇ ಬಂದವರಷ್ಟೆ.

‘ಹಾಗಾದರೆ ವಿಜ್ಞಾನ ಕಾದಂಬರಿಗೆಂದೇ ಬೇರೆ ಪ್ರಶಸ್ತಿ ಇಟ್ಟರಾಯಿತು’ ಎನ್ನುವವರುಂಟು. ಪರದೇಶಗಳಲ್ಲಿ ಹಾಗೆ ಮಾಡಿ ನೋಡಿದ್ದಾರೆ. ‘ಹ್ಯೂಗೊ’ ಎಂಬ ಪ್ರಶಸ್ತಿ 1953ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅಲ್ಲಿ ತೀರ್ಪುಗಾರರಿಲ್ಲ, ಪ್ರತಿವರ್ಷ ಸೇರುವ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಚಂದಾ ಕೊಟ್ಟು ಸದಸ್ಯರಾದ ಓದುಗರೇ ಮತ ಹಾಕುತ್ತಾರೆ. ‘ನೆಬ್ಯುಲಾ’ ಎಂಬ ಇನ್ನೊಂದಕ್ಕೆ ಲೇಖಕರೇ ಮತದಾರರು. ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಎರಡನ್ನೂ 1966ರಲ್ಲಿ ಪಡೆಯಿತು, ಹ್ಯೂಗೊವನ್ನು ಮಾತ್ರ ಇನ್ನೊಂದು ಕಾದಂಬರಿಯೊಡನೆ ಹಂಚಿಕೊಂಡು. ಓದುಗರೂ ಲೇಖಕರೂ ಒಪ್ಪಿದ ಆ ಪುಸ್ತಕವನ್ನು ಜನ ಇಂದಿಗೂ ಓದುತ್ತಿದ್ದಾರೆ. ಇದು ಒಳ್ಳೆಯ ಮಾದರಿಯೆಂದೇ ತೋರುತ್ತದೆ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. 2015ರಲ್ಲಿ ಕೆಲವರು ಗುಂಪುಕಟ್ಟಿ, ಇಂಥಿಂಥ ಕೃತಿಗಳಿಗೇ ಸೂಚನೆ ಕೊಡಬೇಕೆಂದು ಪಟ್ಟಿ ಹಂಚಿದರು. ಉಳಿದ ಸದಸ್ಯರಿಗೆ ಸಿಟ್ಟು ಬಂದು, ಐದು ವಿಭಾಗಗಳಲ್ಲಿ ‘ಯಾರಿಗೂ ಬಹುಮಾನವಿಲ್ಲ’ ಎಂದೇ ಮತ ಹಾಕಿದರು. ಅದೇ ವರ್ಷ ಚೀನಾದ ಲಿಯು ತ್ಸಿಶಿನ್ ಅವರ ‘ಮೂರು ಕಾಯಗಳ ಸಮಸ್ಯೆ’ಯ ಇಂಗ್ಲಿಷ್ ಅನುವಾದಕ್ಕೆ ಉತ್ತಮ ಕಾದಂಬರಿಯ ಬಹುಮಾನ ಬಂದುದೂ ನಿಜ. ಮುಂದೆ 2023ರಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ಸಮ್ಮೇಳನ ನಡೆದಾಗ ಆರ್. ಎಫ್. ಕ್ವಾಂಗ್ ಅವರ ‘ಬೇಬಲ್’ ಕಾದಂಬರಿಯನ್ನು, ಸಾಕಷ್ಟು ಸೂಚನೆಗಳಿದ್ದರೂ, ಕಾರಣ ಹೇಳದೆ ‘ಅನರ್ಹ’ವೆಂದು ಹೊರಗಿಟ್ಟರು. ಲೆಕ್ಕಪತ್ರ ಹೊರಬಂದಾಗ, ಅಂದರೆ 2024ರ ಜನವರಿಯಲ್ಲಿ, ಜಗತ್ತಿಗೆ ಅದು ತಿಳಿಯಿತು. ಆ ಪುಸ್ತಕಕ್ಕೆ ಲೇಖಕರು ಅದಾಗಲೇ ನೆಬ್ಯುಲಾ ಕೊಟ್ಟಿದ್ದರು! ಒಂದೇ ಪುಸ್ತಕ ಒಂದು ಕಡೆ ಸರ್ವೋತ್ತಮ, ಇನ್ನೊಂದು ಕಡೆ ಅನರ್ಹ. ಪುಸ್ತಕದ ಅಕ್ಷರವೊಂದೂ ಬದಲಾಗಿರಲಿಲ್ಲ.

ಇದರಿಂದ ನಾನು ಕಲಿತದ್ದು ಒಂದು. ಮೂವರು ಪಂಡಿತರು ಆರಿಸಿದರೂ, ಸಾವಿರಾರು ಓದುಗರು ಆರಿಸಿದರೂ, ಪ್ರಶಸ್ತಿಯೆಂಬುದು ಒಂದು ಜರಡಿ.

ಜರಡಿಯ ವಿಷಯವನ್ನು ಚಿಕ್ಕಮಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಊರಿನ ಕ್ಯೂರಿಂಗ್ ಕೆಲಸದ ಮನೆಗಳಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿದು ದರ್ಜೆ ಮಾಡುತ್ತಾರೆ. ದೊಡ್ಡ ತೂತಿನ ಜರಡಿಯ ಮೇಲೆ ನಿಂತುದು ‘ಎ’, ಅದರಿಂದ ಜಾರಿ ಮುಂದಿನದರಲ್ಲಿ ನಿಂತುದು ‘ಬಿ’, ಆಮೇಲೆ ‘ಸಿ’. ಜೋಡಿಯಿಲ್ಲದೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ ‘ಪೀಬೆರಿ’. ಅದಕ್ಕೆ ಬೇರೆ ಚೀಲ. ಈ ದರ್ಜೆಯಿಂದ ವ್ಯಾಪಾರ ನಡೆಯುತ್ತದೆ, ಹುರಿಯುವವನಿಗೂ ಅನುಕೂಲವಾಗುತ್ತದೆ, ದರ್ಜೆ ಸುಳ್ಳಲ್ಲ. ಆದರೆ ಜರಡಿ ಅಳೆಯುವುದು ಬೀಜದ ಗಾತ್ರವನ್ನು, ರುಚಿಯನ್ನಲ್ಲ. ರುಚಿ ತಿಳಿಯಬೇಕಾದರೆ ಹುರಿದು, ಪುಡಿ ಮಾಡಿ, ಬಟ್ಟಲಿಗೆ ಹಾಕಿ ಯಾರಾದರೂ ಕುಡಿದು ನೋಡಲೇಬೇಕು. ‘ಎ’ ದರ್ಜೆಯೆಂದು ಚೀಟಿ ಅಂಟಿಸಿದ ಚೀಲವನ್ನು ಮೂಸಿ ನೋಡಿ ಕಾಫಿ ಕುಡಿದೆನೆಂದು ಹೇಳುವವನನ್ನು ನಾವು ನಗುತ್ತೇವೆ. ಪ್ರಶಸ್ತಿಯ ಚೀಟಿ ನೋಡಿ ಪುಸ್ತಕ ಓದಿದೆವೆಂದುಕೊಳ್ಳುವವರನ್ನು ಏಕೆ ನಗಬಾರದು? ಅಂಥವರಲ್ಲಿ ನಾನೇ ಮೊದಲಿಗಳಾಗಿದ್ದೆ. ಚರ್ಚೆಯ ದಿನ ನಾನು ಹೆಸರಿಸಿದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ಓದಿರಲಿಲ್ಲ. ಇದು ತಪ್ಪೊಪ್ಪಿಗೆ.

ಪ್ರಶಸ್ತಿಯ ಪರವಾಗಿ ಒಂದು ಮಾತನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ನೆರೆಯ ಹಾಸನದ ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12ನ್ನು ಆರಿಸಿ ಮಡಿಕೇರಿಯ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಗ್ರಹಕ್ಕೆ 2025ರ ಮೇ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಆ ರಾತ್ರಿ ಆ ಕತೆಗಳ ಗುಣ ಒಂದು ಗುಂಜಿಯಷ್ಟೂ ಹೆಚ್ಚಲಿಲ್ಲ. ಮೂವತ್ತು ವರ್ಷಗಳಿಂದ ಎಷ್ಟಿತ್ತೋ ಅಷ್ಟೇ ಇತ್ತು. ಹೆಚ್ಚಿದ್ದು ಓದುಗರು. ಹಿತ್ತಲ ಗಿಡ ಮದ್ದಲ್ಲವೆಂದು ಹಾಸನದ ಪಕ್ಕದಲ್ಲೇ ಇದ್ದು ಓದದಿದ್ದ ನಾವೂ ಲಂಡನ್ನಿನವರು ಹೇಳಿದ ಮೇಲೆ ಓದಿದೆವು. ಪ್ರಶಸ್ತಿ ಮಾಡಬಲ್ಲ ಉಪಕಾರ ಇದೇ: ಅದು ಬಾಗಿಲು ತಟ್ಟುತ್ತದೆ. ಒಳಗೆ ಹೋಗಬೇಕಾದವರು ನಾವು. ತಟ್ಟಿಸಿಕೊಳ್ಳದ ಬಾಗಿಲುಗಳ ಹಿಂದೆ ಯಾರೂ ಇಲ್ಲವೆಂದು ತಿಳಿಯಬಾರದು, ಅಷ್ಟೆ.

ಆದುದರಿಂದ ನಮ್ಮ ಪೂಜ್ಯ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು. ಪ್ರಶಸ್ತಿ ಪಡೆದ ಪುಸ್ತಕಗಳನ್ನು ಕೊಳ್ಳಿರಿ, ಬೇಡವೆನ್ನುವುದಿಲ್ಲ. ಆದರೆ ಹಣದ ಒಂದು ಪಾಲನ್ನು ವಿದ್ಯಾರ್ಥಿಗಳು ಕೇಳಿದ ಪುಸ್ತಕಗಳಿಗೆ ಮೀಸಲಿಡಿರಿ. ಕೇಳುವವರು ಆ ಪುಸ್ತಕವನ್ನು ಏಕೆ ಕೊಳ್ಳಬೇಕೆಂದು ಅರ್ಧ ಪುಟ ಬರೆದುಕೊಡಲಿ, ಬರೆಯಲಾರದವರು ಕೇಳದಿರಲಿ. ಹಾಗೆಯೇ ಕಪಾಟಿನಲ್ಲಿ ಈಗಿರುವ ಪುಸ್ತಕಗಳ ಹಿಂದೆ ಅಂಟಿಸಿದ ದಿನಾಂಕದ ಚೀಟಿಗಳನ್ನು ಒಮ್ಮೆ ತಿರುಗಿಸಿ ನೋಡಿರಿ. ನಾನು ನೋಡಿದ್ದೇನೆ. ‘ಕರ್ವಾಲೊ’ದ ಚೀಟಿ ತುಂಬಿ ಅದರ ಮೇಲೆ ಇನ್ನೊಂದನ್ನು ಅಂಟಿಸಿದ್ದಾರೆ, ಹೊಲಿಗೆ ಬಿಟ್ಟು ಕೊನೆಯ ಎರಡು ಹಾಳೆಗಳೇ ಇಲ್ಲ. ಓತಿ ಹಾರಿಹೋಗುವ ಜಾಗವೇ ಮಾಯ! ಅದೇ ಕಪಾಟಿನಲ್ಲಿ ಬಹುಮಾನ ಪಡೆದ ಕೆಲವು ಪುಸ್ತಕಗಳ ಚೀಟಿ ಮದುವೆಯ ಪತ್ರಿಕೆಯಷ್ಟು ಹೊಸದಾಗಿದೆ. ಓದಿಸಿಕೊಂಡದ್ದೆಲ್ಲ ಶ್ರೇಷ್ಠವೆಂದು ನಾನು ಹೇಳಲಾರೆ; ಪತ್ತೇದಾರಿ ಪುಸ್ತಕಗಳ ಹೊಲಿಗೆಯೂ ಬಿಟ್ಟಿರುತ್ತದೆ. ಆದರೆ ತೀರ್ಪು ಕೊಡುವಾಗ ಆ ಸವೆದ ಚೀಟಿಯನ್ನೂ ಒಂದು ಸಾಕ್ಷಿಯಾಗಿ ಕರೆಯಬೇಕಲ್ಲವೇ?

ಈ ಲೇಖನ ಬರೆದು ಮುಗಿಸಿ ನನ್ನ ಗೆಳತಿಗೆ ಓದಿ ತೋರಿಸಿದೆ. ಹಿತ್ತಾಳೆ ಕಪ್ಪನ್ನೂ ಆಕೆಯ ಮುಂದಿಟ್ಟು, ‘ಇದು ನಿನಗೆ ಬರಬೇಕಾಗಿತ್ತು, ತಗೋ’ ಎಂದೆ. ಆಕೆ ಕಪ್ಪಿನ ಕಡೆ ನೋಡಲೂ ಇಲ್ಲ.

‘ಕಪ್ಪು ನೀನೇ ಇಟ್ಕೊ ಮಾರಾಯ್ತಿ’ ಎಂದಳು. ‘ನಿಮ್ಮನೆ ಕರ್ವಾಲೊ ಇದೆಯಲ್ಲ, ಅದರಲ್ಲಿ ಕೊನೇ ಹಾಳೆಗಳು ಇದ್ದಾವೋ ಹೇಗೆ? ರಜಕ್ಕೆ ಹೋದಾಗ ತಗೊಂಬಾ.’

ತರುತ್ತೇನೆಂದು ಹೇಳಿದ್ದೇನೆ. ತಂದೆಯವರನ್ನು ಒಪ್ಪಿಸುವುದು ಮಾತ್ರ ಬಾಕಿಯಿದೆ.